ಗುಲಾಬಿ ಎಣ್ಣೆ ತೆಗೆಯಲು ಹೋಗಿ ನಾನು ಕಲಿತದ್ದು

ನಾನು ಮೊದಲು ನೆಟ್ಟಿದ್ದೇ ತಪ್ಪು ಗುಲಾಬಿ. ಉದ್ದ ಕಾಂಡ, ಬಿಗಿ ಮೊಗ್ಗು, ನೋಡಲು ಬಹಳ ಚೆಂದ. ಭಟ್ಟಿಗೆ ಹಾಕಿದರೆ ಬರೀ ಬಿಸಿನೀರು. ಎರಡು ವರ್ಷ ಸುಮ್ನೆ ಹೋಯಿತು. ಎಣ್ಣೆಗೆ ಬೇಕಾದದ್ದು ಡಮಾಸ್ಕ್ ಗುಲಾಬಿ. ಬಲ್ಗೇರಿಯಾದ ಕಜಾನ್‌ಲಕ್‌ನಲ್ಲಿ, ಟರ್ಕಿಯ ಇಸ್ಪಾರ್ಟಾದಲ್ಲಿ ಬೆಳೆಯುವುದು ಇದನ್ನೇ. ತಿಳಿ ಬಣ್ಣ, ಸಡಿಲ ಎಸಳು. ಕಿತ್ತಿಟ್ಟರೆ ಸಂಜೆಯೊಳಗೆ ಉದುರಿಬಿಡುತ್ತದೆ.

ಕಟಿಂಗ್ ಹಾಕಿ ಬೇರು ಬಿಡಿಸಿದೆ. ನೀರು ನಿಲ್ಲದ ಮಣ್ಣು, ಇಡೀ ದಿನ ಬಿಸಿಲು, ಕೊಟ್ಟಿಗೆ ಗೊಬ್ಬರ, ಇಷ್ಟೇ. ಕೈತುಂಬ ಹೂವು ಬಂದದ್ದು ಮೂರನೇ ವರ್ಷಕ್ಕೆ. ಈ ಗಿಡಕ್ಕೆ ಚಳಿ ಬೇಕು, ಹೂವು ವರ್ಷಕ್ಕೆ ಒಂದೇ ಸಲ. ಚಳಿಗಾಲದಲ್ಲಿ ಗಿಡ ಮಲಗಿದ್ದಾಗಲೇ ಸವರಬೇಕು. ನಾನೊಮ್ಮೆ ಚಿಗುರು ಒಡೆದ ಮೇಲೆ ಕತ್ತರಿ ಹಿಡಿದೆ. ಆ ವರ್ಷದ ಹೂವೆಲ್ಲ ಕತ್ತರಿಗೇ ಹೋಯಿತು.

ಆದರೆ ಅಸಲಿ ಪಾಠ ಕಲಿಸಿದ್ದು ಒಂದು ಚೀಲ. ಮೊದಲ ದೊಡ್ಡ ಕೊಯ್ಲಿನ ದಿನ ಹನ್ನೆರಡು ಕಿಲೋ ಹೂವು ಸಿಕ್ಕಿತು. ಖುಷಿಯಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಒತ್ತಿ ತುಂಬಿ ನೆರಳಿನಲ್ಲಿಟ್ಟೆ. ತಿಂಡಿ ತಿಂದೆ, ಸೌದೆ ಜೋಡಿಸಿದೆ, ಹಂಡೆ ತೊಳೆದೆ. ಮಧ್ಯಾಹ್ನ ಚೀಲದೊಳಗೆ ಕೈ ಹಾಕಿದರೆ ನಡುವೆ ಬೆಚ್ಚಗಿದೆ! ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. ಎಸಳು ಕಂದಿ ಅಂಟಿಕೊಂಡಿದ್ದವು, ವಾಸನೆಯಲ್ಲಿ ಹುಳಿ ಸೇರಿತ್ತು. ಆದರೂ ಭಟ್ಟಿ ಇಳಿಸಿದೆ. ನೀರಿನ ಮೇಲೆ ಸಣ್ಣ ಹೊಳಪು ಬಿಟ್ಟರೆ ಏನೂ ಇಲ್ಲ.

ಲೆಕ್ಕ ನೋಡಿ. ಒಂದು ಕಿಲೋ ಎಣ್ಣೆಗೆ ಸುಮಾರು 3,000ದಿಂದ 4,000 ಕಿಲೋ ಹೂವು ಬೇಕು. ಅಂದರೆ ಎಲ್ಲ ಸರಿಯಾಗಿ ನಡೆದರೂ ನನ್ನ ಹನ್ನೆರಡು ಕಿಲೋಗೆ ಸಿಗುವುದು ಮೂರು-ನಾಲ್ಕು ಗ್ರಾಂ. ಅಷ್ಟರಲ್ಲಿ ಬಿಸಿಲಿಗೆ, ಚೀಲಕ್ಕೆ ಪಾಲು ಕೊಟ್ಟರೆ ನಮಗೇನು ಉಳಿಯುತ್ತದೆ?

ಈಗ ಬೆಳಕು ಹರಿಯುವ ಹೊತ್ತಿಗೆ ತೋಟದಲ್ಲಿರುತ್ತೇನೆ. ಅದೇ ತಾನೇ ಅರಳುತ್ತಿರುವ, ಬಟ್ಟಲಿನ ಹಾಗೆ ನಿಂತ ಹೂವನ್ನು ತೊಟ್ಟಿನ ಬುಡಕ್ಕೆ ಚಿವುಟುತ್ತೇನೆ. ಬಿಸಿಲು ಚುರುಗುಟ್ಟುವಷ್ಟರಲ್ಲಿ ಕೊಯ್ಲು ಮುಗಿದಿರಬೇಕು. ಅಗಲ ಬುಟ್ಟಿಯಲ್ಲಿ ತೆಳ್ಳಗೆ ಹರಡುತ್ತೇನೆ. ಹಂಡೆಯಲ್ಲಿ ನೀರು ಮೊದಲೇ ಸಿದ್ಧ. ಒಂದು ಪಾಲು ಹೂವಿಗೆ ನಾಲ್ಕು ಪಾಲು ನೀರು. ನೀರಿಲ್ಲದೆ ಬರೀ ಹಬೆ ಹಾಯಿಸಿದರೆ ಎಸಳು ಮುದ್ದೆಯಾಗುತ್ತದೆ. ನೀರಿನಲ್ಲಿ ತೇಲುತ್ತಿದ್ದರೆ ಆ ತೊಂದರೆ ಇಲ್ಲ.

ಇನ್ನೊಂದು ಸಲ ಬೇರೆ ಪೆಟ್ಟು ತಿಂದೆ. ಹಬೆ ಬೇಗ ತಣಿಯಲಿ ಎಂದು ಅದು ಹಾಯುವ ಕೊಳವೆಯ ಸುತ್ತ ತೀರಾ ತಣ್ಣೀರು ಹರಿಸಿದೆ. ಎಣ್ಣೆ ಬರಲೇ ಇಲ್ಲ. ಬೇಸರದಿಂದ ಕೊಳವೆ ಬಿಚ್ಚಿದರೆ ಒಳಗೆ ಬಿಳಿ ಚೂರುಗಳು, ಮೇಣದ ಹಾಗೆ. ಬೆರಳಿನಲ್ಲಿ ಉಜ್ಜಿದರೆ ಕರಗಿ ಘಮಘಮ! ಗುಲಾಬಿ ಎಣ್ಣೆಯಲ್ಲಿ ಮೇಣದಂಥ ಅಂಶ ಇರುತ್ತದೆ, ಸುಮಾರು 20 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ಶುರು. ಅಲ್ಲಿಂದ ಮುಂದೆ ನೀರನ್ನು ಉಗುರುಬೆಚ್ಚಗೇ ಇಟ್ಟುಕೊಂಡಿದ್ದೇನೆ.

ಇಳಿದ ಮೊದಲ ನೀರನ್ನು ಚೆಲ್ಲಬೇಡಿ. ಅದರಲ್ಲಿ ಎಣ್ಣೆ ಕರಗಿರುತ್ತದೆ, ಮತ್ತೊಮ್ಮೆ ಭಟ್ಟಿ ಇಳಿಸಬೇಕು. ಇಷ್ಟಾದರೂ ಗುಲಾಬಿಯ ಪರಿಮಳ ಕೊಡುವ ಫಿನೈಲ್ ಈಥೈಲ್ ಆಲ್ಕೋಹಾಲ್ ಬಹುಪಾಲು ನೀರಿನಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಎಣ್ಣೆಯ ಸೀಸೆ ಮೂಸಿದವರು "ಇದು ಹೂವಿನ ಥರ ಇಲ್ವಲ್ಲ" ಎನ್ನುತ್ತಾರೆ. ಆಗ ಪಕ್ಕದ ಪನ್ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಡುತ್ತೇನೆ.