ಫೌಜಿ ಮನೆಯ ಫೋನು: ಗುಟ್ಟು ಎಲ್ಲಿ ಸೋರುತ್ತದೆ

1995ರ ಡಿಸೆಂಬರಿನಲ್ಲಿ ಪೋಖ್ರಾನಿನ ಅಣುಪರೀಕ್ಷೆಯ ಸಿದ್ಧತೆ ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿತ್ತು, ಪರೀಕ್ಷೆ ಅಲ್ಲಿಗೇ ನಿಂತಿತು. 1998ರಲ್ಲಿ 58ನೇ ಎಂಜಿನಿಯರ್ ರೆಜಿಮೆಂಟಿನವರು ರಾತ್ರಿ ದುಡಿದು, ಬೆಳಗಾಗುವಷ್ಟರಲ್ಲಿ ಯಂತ್ರಗಳನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದರು. ವಿಜ್ಞಾನಿಗಳು ಸೇನೆಯ ಸಮವಸ್ತ್ರ ತೊಟ್ಟರು. ಅಬ್ದುಲ್ ಕಲಾಂ ಅಲ್ಲಿ 'ಮೇಜರ್ ಜನರಲ್ ಪೃಥ್ವಿರಾಜ್'. ಮೇ 11ರ ಸ್ಫೋಟದವರೆಗೂ ಹೊರಗಿನವರಿಗೆ ಗೊತ್ತಾಗಲಿಲ್ಲ. ಮೇಲಿಂದ ನೋಡುವವನಿಗೆ ನಿನ್ನೆಯಂತೆಯೇ ಇವತ್ತೂ ಕಾಣಬೇಕು, ಅಷ್ಟೇ ಉಪಾಯ.

ಗೋಕಾಕ, ಬೈಲಹೊಂಗಲ ಕಡೆಯ ಫೌಜಿ ಮನೆಗಳಿಗೂ, ಅಂದರೆ ಸೈನಿಕರ ಮನೆಗಳಿಗೂ, ಇದೇ ಲೆಕ್ಕ. 'ರಜಾ ಕ್ಯಾನ್ಸಲ್ ಆತು' ಎಂದು ಒಬ್ಬ ವೈನಿ ಸ್ಟೇಟಸ್ ಹಾಕಿದರೆ ಅದು ಮನೆಯ ಬೇಸರ. ಒಂದೇ ಯುನಿಟ್ಟಿನ ಹತ್ತು ಮನೆಗಳಿಂದ ಅದೇ ದಿನ ಬಂದರೆ, ಪಡೆ ಹೊರಟಿದೆ ಎಂಬ ಸುದ್ದಿ. 'ತಮ್ಮ ನಾಡಿದ್ದು ಗೋವಾ ಎಕ್ಸ್‌ಪ್ರೆಸ್ಸಿಗೆ ಬರ್ತಾನ' ಎಂಬುದನ್ನೂ ಅವನು ಮನೆ ಮುಟ್ಟಿದ ಮೇಲೆ ಹೇಳಿ.

ಕ್ಯಾಮೆರಾ ಸೆಟ್ಟಿಂಗ್ಸಿನಲ್ಲಿ 'ಲೊಕೇಶನ್ ಟ್ಯಾಗ್' ಆಫ್ ಮಾಡಿ, ಫೌಜಿಯ ಫೋನಿನಲ್ಲೂ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಜಾಗದ ಗುರುತು ಅಳಿಯುತ್ತದೆ. ಸ್ಪಷ್ಟ ಕಾಣಲಿ ಎಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಅಕ್ಷಾಂಶ ರೇಖಾಂಶ ಸಮೇತ ಹೋಗುತ್ತದೆ. ಹಿಂದೆ ಬೋರ್ಡು, ಗಾಡಿ ನಂಬರು, ತೋಳಿನ ಪಟ್ಟಿ ಇದೆಯೇ ನೋಡಿ: ಅದನ್ನು ಯಾವ ಸೆಟ್ಟಿಂಗೂ ಅಳಿಸದು. ಓಟ ಅಳೆಯುವ ಆ್ಯಪ್ ತೆಗೆದುಹಾಕಿ. ಸ್ಟ್ರಾವಾ ಎಂಬ ಅಂಥದೇ ಆ್ಯಪಿನ ನಕ್ಷೆಯಲ್ಲಿ ಸೇನಾ ನೆಲೆಗಳ ಸುತ್ತಿನ ಓಟದ ಗೆರೆಗಳು ಹೊಳೆದದ್ದು 2018ರಲ್ಲಿ ಜಗತ್ತಿಗೇ ಕಂಡಿತು.

ವಾಟ್ಸಾಪಿನ 'ಟೂ-ಸ್ಟೆಪ್ ವೆರಿಫಿಕೇಶನ್' ತೆರೆದು ಆರಂಕಿಯ ಪಿನ್ ಹಾಕಿ. 'ಲಿಂಕ್ಡ್ ಡಿವೈಸಸ್' ತೆರೆದು, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ.

ಮನೆಯಲ್ಲೇ ಗುಪ್ತಪದ ಕಟ್ಟುವ ಚಟ ಬೇಡ. 'ಮದುವಿ ಮುಗೀತು' ಅಂತ ಸಂಕೇತ ಇಟ್ಟುಕೊಂಡರೆ, ಅವ್ವ ಎರಡನೇ ದಿನವೇ 'ಯಾರ ಮದುವಿ?' ಅಂತ ಕೇಳುತ್ತಾಳೆ. 'ಆರಾಮ ಅದೀನಿ' ಸಾಕು.

ಪಿಂಚಣಿ, ದಾಖಲೆ ಎಂದು ಯಾರಾದರೂ ಫೋನಿನಲ್ಲಿ ಯುನಿಟ್ ಕೇಳಿದರೆ ಇಟ್ಟುಬಿಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ನೀವೇ ಹೋಗಿ ವಿಚಾರಿಸಿ. ಹೊಗಳುತ್ತ ಬರುವ ಅಪರಿಚಿತ ಹುಡುಗಿಯ ಫ್ರೆಂಡ್ ರಿಕ್ವೆಸ್ಟೂ ಇದೇ ಸಾಲಿನದು.

ಕಟ್ಟೆಯ ಮೇಲಿನ ಕಾಕಾನ ಬಾಯಿ ಮುಚ್ಚಿಸುವ ಸೆಟ್ಟಿಂಗ್ ಇಲ್ಲ. 'ಎಲ್ಲಿ ಅದಾನ ಮಗ?' ಅಂದರೆ, 'ಡ್ಯೂಟಿ ಮ್ಯಾಲ ಅದಾನ್ರಿ ಕಾಕಾ, ಚಾ ಕುಡೀರಿ.'