ಹುಣ್ಣಿನ ಅಂಚೋ, ತಳವೋ? ಎಚ್‌ಐವಿ ಇರುವವರಿಗೆ ಸ್ಕೋಪ್ ಮಾಡುವಾಗ

ಮೈಸೂರಿನಲ್ಲಿ ಸ್ಕೋಪ್ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡುವ ನನ್ನ ಹತ್ತಿರ ಮಂಡ್ಯ, ಮದ್ದೂರು ಕಡೆಯಿಂದಲೂ ಎಚ್‌ಐವಿ ಇರುವವರು ಬರುತ್ತಾರೆ. ವಾರಗಟ್ಟಲೆ ಭೇದಿ, ತೂಕ ಇಳಿದಿರುತ್ತದೆ. ಬಂದ ಕೂಡಲೇ ನಾನು ಸ್ಕೋಪ್ ಹಾಕುವುದಿಲ್ಲ. ಮೊದಲು ಮಲ ಪರೀಕ್ಷೆ, ಅದೂ ಬೇರೆ ಬೇರೆ ದಿನದ ಸ್ಯಾಂಪಲ್. ಮಾಡಿಫೈಡ್ ಆಸಿಡ್ ಫಾಸ್ಟ್ ಸ್ಟೇನ್ ಎಂಬ ವಿಶೇಷ ಬಣ್ಣ ಹಾಕಿ ನೋಡಬೇಕು ಅಂತ ಚೀಟಿಯಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಕ್ರಿಪ್ಟೋಸ್ಪೊರಿಡಿಯಂ, ಐಸೊಸ್ಪೊರಾ ಎಂಬ ಕರುಳಿನ ಪರಾವಲಂಬಿಗಳು ತಪ್ಪಿಸಿಕೊಳ್ಳುತ್ತವೆ. ಐಸೊಸ್ಪೊರಾ ಸಿಕ್ಕರೆ ಸಾಮಾನ್ಯವಾಗಿ ಕೋಟ್ರೈಮಾಕ್ಸಜೋಲ್ ಔಷಧಿಯಲ್ಲೇ ಹಿಡಿತಕ್ಕೆ ಬರುತ್ತದೆ, ಸುಮ್ನೆ ಸ್ಕೋಪ್ ಯಾಕೆ?

ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) 50ಕ್ಕಿಂತ ಕೆಳಗಿದ್ದು, ಮಲದಲ್ಲಿ ರಕ್ತವೂ ಹೋಗುತ್ತಿದ್ದರೆ ಸಿಎಂವಿ (ಸೈಟೊಮೆಗಲೊ) ವೈರಸ್ ಮೇಲೆ ಅನುಮಾನ ಬರುತ್ತದೆ. ಹಾಗೆ ಬಂದ ಒಬ್ಬರಿಗೆ ಬೇರೆ ಕಡೆ ಎಡಭಾಗದ ಕರುಳನ್ನಷ್ಟೇ ನೋಡಿ ‘ನಾರ್ಮಲ್’ ಎಂದು ಬರೆದಿದ್ದರು. ಸಿಎಂವಿ ಕೆಲವರಲ್ಲಿ ಬಲಭಾಗದಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಪೂರ್ತಿ ಕೊಲೊನೊಸ್ಕೋಪಿ ಬೇಕು ಎಂದೆ.

“ಈಗ್ಲೇ ಭೇದಿ ನಿಲ್ತಿಲ್ಲ, ಮತ್ಯಾಕೆ ಸಾರ್ ಭೇದಿ ಔಷಧಿ?” ಎಂದರು. ನ್ಯಾಯವಾದ ಪ್ರಶ್ನೆ. ಆದರೂ ಕರುಳು ತೊಳೆಯದೆ ಒಳಗೆ ಏನೂ ಕಾಣುವುದಿಲ್ಲ. ಮುದ್ದೆ, ಸೊಪ್ಪಿನ ಸಾರು ಬಿಡಿಸಿ ತೆಳು ಗಂಜಿ ಹೇಳಿದೆ. ಒಣಗಿದ ದೇಹ ಅಲ್ವಾ, ಡ್ರಿಪ್ ಹಾಕಿಯೇ ಔಷಧಿ ಕುಡಿಸಿದೆವು.

ಬಲಭಾಗದಲ್ಲಿ, ದೊಡ್ಡ ಕರುಳು ಶುರುವಾಗುವ ಸೀಕಮ್‌ನಲ್ಲಿ ಹುಣ್ಣು ಸಿಕ್ಕಿತು. ಆಳವಾಗಿತ್ತು, ಅಂಚು ಕತ್ತರಿಸಿದ ಹಾಗೆ. ಬಯಾಪ್ಸಿಗೆ (ಪರೀಕ್ಷೆಗೆ ಚೂರು ತೆಗೆಯಲು) ಇಲ್ಲಿ ಕೈ ತಾನಾಗಿಯೇ ಅಂಚಿಗೆ ಹೋಗುತ್ತದೆ. ಆದರೆ ಸಿಎಂವಿ ಇರುವುದು ಹೆಚ್ಚಾಗಿ ತಳದ ರಕ್ತನಾಳಗಳ ಒಳಪದರದಲ್ಲಿ. ಹರ್ಪಿಸ್ ವೈರಸ್ ಆದರೆ ಅಂಚಿನಲ್ಲಿ. ಎರಡೂ ಕಡೆಯಿಂದ ತೆಗೆದೆ, ತಳದಿಂದ ಜಾಸ್ತಿ. ಚೂರುಗಳು ಎರಡು ಬಾಟಲಿಗೆ ಹೋದವು: ಪೆಥಾಲಜಿಗೆ ಫಾರ್ಮಲಿನ್, ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಮತ್ತು ಜೀನ್‌ಎಕ್ಸ್‌ಪರ್ಟ್ ಎಂಬ ಟಿಬಿ ಜೀನ್ ಪರೀಕ್ಷೆಗೆ ಸಲೈನ್. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು, ಟಿಬಿ ಕಲ್ಚರ್ ಆಸೆ ಅಲ್ಲಿಗೇ ಮುಗಿಯಿತು. ನಮ್ಮ ಕಡೆ ಸೀಕಮ್ ಹುಣ್ಣು ಕಂಡಾಗ ಟಿಬಿಯನ್ನು ಮರೆಯುವ ಹಾಗೇ ಇಲ್ಲ. ಕರುಳು ನೋಡಲು ಚೆನ್ನಾಗಿದ್ದರೂ ನಾನು ಬಯಾಪ್ಸಿ ತೆಗೆಯುತ್ತೇನೆ, ಬರೀ ಕಣ್ಣಿಗೆ ಕಾಣದ ಸೋಂಕುಗಳೂ ಇರುತ್ತವೆ.

ಎಚ್‌ಐವಿ ಇದೆ ಎಂದು ಯಾರನ್ನೂ ಪಟ್ಟಿಯ ಕೊನೆಗೆ ತಳ್ಳುವುದಿಲ್ಲ. ಸ್ಕೋಪ್ ತೊಳೆದು ಶುದ್ಧ ಮಾಡುವ ಕ್ರಮ ಎಲ್ಲರಿಗೂ ಒಂದೇ. ಬೇರೆ ಮಾಡುವುದು 2017ರ ಎಚ್‌ಐವಿ ಕಾಯ್ದೆಗೂ ವಿರುದ್ಧ.

ರಿಪೋರ್ಟ್‌ನಲ್ಲಿ ಗೂಬೆಗಣ್ಣಿನಂಥ ಜೀವಕೋಶಗಳು ಕಂಡವು. ಸಿಎಂವಿಯೇ. ಅದರ ಔಷಧಿ ಗ್ಯಾನ್ಸಿಕ್ಲೋವಿರ್ ಶುರು ಮಾಡಿ, ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದೆ. ಈ ವೈರಸ್ ರೆಟಿನಾವನ್ನೂ ಹಾಳು ಮಾಡಬಲ್ಲದು, ಶುರುವಿನಲ್ಲಿ ರೋಗಿಗೆ ಗೊತ್ತೇ ಆಗದಿರಬಹುದು.