ಹೋಗುವಾಗ ಸೈಕಲ್, ಬರುವಾಗ ರೈಲು

ಸೈಕಲ್ ಅಂಗಡಿಯ ತಾತ ಕೇಳಿದ್ದು ಒಂದೇ ಮಾತು: "ಸೋಜಾ?" ನಾನೂ "ಸೋಜಾ" ಅಂದೆ. ಅಷ್ಟಕ್ಕೇ ಅವರಿಗೆ ಎಲ್ಲಾ ಗೊತ್ತಾಯ್ತು. ಈ ಇಬ್ಬರು ಇಲ್ಲಿಂದ ಸೈಕಲ್ ಒಯ್ತಾರೆ, ಸಂಜೆ ಸೋಜಾ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಬಿಡ್ತಾರೆ, ವಾಪಸ್ ಇಲ್ಲಿಗೆ ಬರೋದಿಲ್ಲ. ಇಬ್ಬರ ಕೈಗೂ ಒಂದೊಂದು ನಕ್ಷೆ ಕೊಟ್ಟು, ಸೋಜಾದ ಅಂಗಡಿ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತೋರಿಸಿದರು.

ಈ ಏರ್ಪಾಡಿಗಾಗಿಯೇ ನಾವು ಜಪಾನಿನ ಕಿಬಿಜಿ ಅನ್ನೋ ಸೈಕಲ್ ದಾರಿ ಆರಿಸಿಕೊಂಡದ್ದು. ಜಪಾನಿನಲ್ಲಿ ಸೈಕಲ್ ಓಡಿಸೋರೆಲ್ಲ ಹೇಳೋದು ಶಿಮಾನಾಮಿ ಕಾಯ್ದೊ ಬಗ್ಗೆ. ಸಮುದ್ರದ ಮೇಲಿನ ಸೇತುವೆಗಳು, 70 ಕಿಲೋಮೀಟರ್. ನನ್ನ ಹೆಂಡತಿ ಮಂಡ್ಯದಲ್ಲಿ ಹೈಸ್ಕೂಲಿಗೆ ಹೋಗುವಾಗ ಸೈಕಲ್ ಬಿಟ್ಟವಳು, ಮತ್ತೆ ಹತ್ತಿರಲಿಲ್ಲ. "ನನಗೆ ಸೇತುವೆ ಬೇಡ ರೀ, ಸಮತಟ್ಟು ದಾರಿ ಸಾಕು" ಅಂದಳು. ಒಕಾಯಾಮಾ ಊರಿನ ಪಕ್ಕದ ಕಿಬಿ ಬಯಲು ಹಾಗೇ ಇದೆ. ಬಿಜೆನ್ ಇಚಿನೊಮಿಯಾ ಸ್ಟೇಷನ್‌ನಿಂದ ಸೋಜಾಗೆ ಸುಮಾರು 17 ಕಿಲೋಮೀಟರ್, ಬಹುಪಾಲು ಗದ್ದೆಗಳ ನಡುವೆ. ಓಡಿಸುತ್ತಲೇ ಇದ್ದರೆ ಎರಡು ಗಂಟೆ ಸಾಕು. ನಾವು ಏಳೂವರೆ ಗಂಟೆ ತಗೊಂಡೆವು.

ಅಕ್ಟೋಬರ್ ಕೊನೆಯ ಶನಿವಾರ. ಒಸಾಕಾದಿಂದ ಒಕಾಯಾಮಾಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಇಳಿದು ಮೊಮೊತಾರೊ ಲೈನಿನ ಪ್ಲಾಟ್‌ಫಾರ್ಮಿಗೆ ಬಂದರೆ ಬೇರೆ ಕಾಲಕ್ಕೇ ಬಂದ ಹಾಗಿತ್ತು. ಮೇಲೆ ಕರೆಂಟ್ ತಂತಿ ಇಲ್ಲ, ಡೀಸೆಲ್ ಗಾಡಿ. ಎರಡೇ ಬೋಗಿ, ಮಾಸಿದ ಕುಂಕುಮದ ಬಣ್ಣ. ಇದರ ಹಳೆಯ ಹೆಸರು ಕಿಬಿ ಲೈನ್. 2016ರಿಂದ ಮೊಮೊತಾರೊ ಅಂತಲೂ ಕರೀತಾರೆ. ಹಳ್ಳಿ ಬಸ್ಸಿನ ಹಾಗೆ ಗುರುಗುಟ್ಟಿಕೊಂಡು ಹೊರಟಿತು. ಕಾಲು ಗಂಟೆಯೊಳಗೆ ಇಳಿದೆವು.

ಬಾಡಿಗೆ ದಿನಕ್ಕೆ ತಲಾ ಸಾವಿರ ಯೆನ್ ಆಸುಪಾಸು ಆಯ್ತು. ನಗದು ಇಟ್ಟುಕೊಂಡು ಹೋಗಿ, ಅದರಲ್ಲೂ 100 ಯೆನ್ ನಾಣ್ಯ ಜಾಸ್ತಿ ಇರಲಿ. ಸಿಗೋದು ಮಾಮಾಚಾರಿ, ಅಂದರೆ ಜಪಾನಿನ ಅಮ್ಮಂದಿರು ತರಕಾರಿ ತರೋಕೆ ಹೋಗುವ ಸೈಕಲ್. ಮುಂದೆ ಬುಟ್ಟಿ, ಮೂರು ಗೇರ್, ಹಿಂದಿನ ಚಕ್ರಕ್ಕೆ ಬಳೆಯಂಥ ಬೀಗ. ಬೀಗ ಹಾಕಿದರೆ ಕಿರುಬೆರಳಷ್ಟು ಚಿಕ್ಕ ಕೀ ಹೊರಗೆ ಬರುತ್ತೆ. ಈ ಕೀ ವಿಷಯಕ್ಕೆ ಆಮೇಲೆ ಬರ್ತೀನಿ. ಹೊರಡೋ ಮುಂಚೆ ಸೀಟು ಎತ್ತರ ಮಾಡಿಸಿಕೊಳ್ಳಿ. ನಾನು ಸಂಕೋಚಕ್ಕೆ ಸುಮ್ನೆ ಹೊರಟೆ, ಮೊದಲ ಮೂರು ಕಿಲೋಮೀಟರ್ ಮಂಡಿ ಹ್ಯಾಂಡಲ್‌ಗೆ ಬಡೀತಾ ಇತ್ತು. ಹೆಲ್ಮೆಟ್ ನಮ್ಮದೇ ಒಯ್ದಿದ್ದೆವು. 2023ರ ಏಪ್ರಿಲ್‌ನಿಂದ ಎಲ್ಲ ಸೈಕಲ್ ಸವಾರರೂ ಹೆಲ್ಮೆಟ್ ಹಾಕಬೇಕು ಅಂತ ಕಾನೂನು ಹೇಳುತ್ತೆ, ಹಾಕದಿದ್ದರೆ ದಂಡ ಇಲ್ಲ ಅಷ್ಟೆ. ಇಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಹೋಗೋದು, ಅದೊಂದು ನೆಮ್ಮದಿ.

ಐದು ನಿಮಿಷಕ್ಕೆ ಕಿಬಿತ್ಸುಹಿಕೊ ದೇವಾಲಯ ಬಂತು. ಅಲ್ಲಿ ಕೈಮುಗಿದು, ಗುಡ್ಡದ ಬುಡ ಹಿಡಿದು ಸ್ವಲ್ಪ ದೂರ ಹೋದರೆ ಕಿಬಿತ್ಸು ದೇವಾಲಯ. ಎರಡರ ಹೆಸರೂ ಒಂದೇ ಥರ ಇದೆ, ನಾವು ಕೊನೇತನಕ ಗೊಂದಲ ಮಾಡಿಕೊಂಡೆವು. ನಿಲ್ಲಬೇಕಾದ್ದು ಎರಡನೆಯದರಲ್ಲಿ. ಈಗಿನ ಗರ್ಭಗುಡಿ ಪೂರ್ತಿಯಾದದ್ದು 1425ರಲ್ಲಿ. ಮರದ ತೊಗಟೆ ಹೊದಿಸಿದ ಎರಡು ಚಾವಣಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಹಾಗಿದೆ. ಆದರೆ ನನಗೆ ಹಿಡಿಸಿದ್ದು ಪಕ್ಕದ ಉದ್ದ ಮೊಗಸಾಲೆ. ಮರದ ಕಂಬಗಳ ಸಾಲು ಮುನ್ನೂರೈವತ್ತು ಮೀಟರಿಗೂ ಜಾಸ್ತಿ ಉದ್ದ ಇದೆ. ಕಟ್ಟಿದವರು ನೆಲವನ್ನು ಸಮ ಮಾಡೋಕೆ ಹೋಗಿಲ್ಲ. ಗುಡ್ಡ ಇಳಿದ ಕಡೆ ಮೊಗಸಾಲೆಯೂ ಇಳಿಯುತ್ತೆ, ಏರಿದ ಕಡೆ ಏರುತ್ತೆ. ಮೇಲಿನ ತುದಿಯಲ್ಲಿ ನಿಂತು ನೋಡಿದರೆ ಉದ್ದಕ್ಕೂ ಹಾಸಿದ ಚಾಪೆ ನಡುವೆ ಜೋಲುಬಿದ್ದ ಹಾಗೆ ಕಾಣುತ್ತೆ.

ಆ ಕಡೆ ಒಂದು ಕಪ್ಪು ಹೊಗೆ ಹಿಡಿದ ಒಲೆಮನೆ. ಅಲ್ಲಿ ಹಂಡೆಯೊಂದಿದೆ. ಈ ಸೀಮೆಯ ಕಥೆ ಪ್ರಕಾರ ಉರಾ ಅನ್ನೋ ರಾಕ್ಷಸನನ್ನು ಕಿಬಿತ್ಸುಹಿಕೊ ರಾಜಕುಮಾರ ಕೊಂದ. ಕಡಿದ ತಲೆ ಗೋಳಾಡೋದು ಮಾತ್ರ ನಿಲ್ಲಲಿಲ್ಲ. ಅದನ್ನು ಈ ಒಲೆಯ ಕೆಳಗೆ ಹೂತರಂತೆ. ಈಗಲೂ ಹಂಡೆಗೆ ನೀರು ಕಾಯಿಸಿ, ಹಬೆಯ ಮೇಲೆ ಅಕ್ಕಿ ಅಲ್ಲಾಡಿಸಿದರೆ ಗೂಂ ಅಂತ ಸದ್ದು ಬರುತ್ತೆ. ಸದ್ದಿನ ಮೇಲೆ ಒಳ್ಳೇದೋ ಕೆಟ್ಟದ್ದೋ ಅಂತ ಕೇಳಿಕೊಂಡು ಬಂದವರೇ ತಿಳ್ಕೋಬೇಕು, ಪೂಜಾರಿ ಬಾಯಿಬಿಡೋದಿಲ್ಲ. ಶುಕ್ರವಾರ ಈ ಸೇವೆ ಇರೋದಿಲ್ಲ. ನಾವು ಮಾಡಿಸಲಿಲ್ಲ, ಹೊಗೆ ವಾಸನೆ ಕುಡ್ಕೊಂಡು ಬಂದೆವು. ಅಜ್ಜಿ ಮನೆ ಬಚ್ಚಲೊಲೆಯ ವಾಸನೆ, ಥೇಟ್ ಅದೇ.

ಪೀಚ್ ಹಣ್ಣಿನೊಳಗಿಂದ ಹುಟ್ಟಿ ರಾಕ್ಷಸರನ್ನು ಹೊಡೆದ ಮೊಮೊತಾರೊ ಕಥೆಗೆ ಈ ರಾಜಕುಮಾರನೇ ಮೂಲ ಅಂತ ಒಕಾಯಾಮಾದವರು ಹೇಳ್ತಾರೆ. ಅವನು ನಾಯಿ, ಕೋತಿ, ಕಾಡುಕೋಳಿಗೆ ಕೊಟ್ಟ ಉಂಡೆಯ ಹೆಸರು ಕಿಬಿ ದಂಗೊ. ಕಿಬಿ ಅಂದರೆ ಈ ಸೀಮೆಯ ಹೆಸರೂ ಹೌದು, ಧಾನ್ಯದ ಹೆಸರೂ ಹೌದು. ಆ ಧಾನ್ಯ ಬೇರೆ ಯಾವುದೂ ಅಲ್ಲ, ನಮ್ಮ ಬರಗು! ಬುಟ್ಟಿಯಲ್ಲಿ ಒಂದು ಡಬ್ಬಿ ಇಟ್ಟುಕೊಂಡೆವು. ಈಗಿನದು ಮುಖ್ಯವಾಗಿ ಅಂಟಕ್ಕಿಯ ಸಿಹಿ, ಬರಗಿನ ರುಚಿ ಹುಡುಕಬೇಕು.

ಅಲ್ಲಿಂದ ಮುಂದೆ ಬರೀ ಗದ್ದೆ. ಇಲ್ಲಿ ಬೆಳೆಯೋ ಅಸಾಹಿ, ಒಮಾಚಿ ಭತ್ತ ತಡವಾಗಿ ಮಾಗುವಂಥವು, ಅದಕ್ಕೇ ಅಕ್ಟೋಬರ್ ಕೊನೆಗೂ ಕೆಲವು ಗದ್ದೆ ಹಳದಿ ನಿಂತಿದ್ದವು. ಒಂದು ಕಡೆ ಪುಟ್ಟ ಕೊಯ್ಲು ಮೆಷಿನ್ ಓಡುತ್ತಿತ್ತು, ನಮ್ಮ ಕಡೆ ಬರೋದರ ಕಾಲು ಭಾಗ ಇರಬಹುದು. ಇನ್ನೊಂದು ಕಡೆ ಭತ್ತದ ಹೊಟ್ಟಿನ ಗುಡ್ಡೆ ಸುಮ್ನೆ ಹೊಗೆಯಾಡುತ್ತಿತ್ತು. ದಾರಿಗೆ ಅಂಟಿಕೊಂಡೇ ನಾಲೆ. "ನಮ್ಮ ವಿಶ್ವೇಶ್ವರಯ್ಯ ನಾಲೆ ಪಕ್ಕ ಹೋದ ಹಾಗೇ ಇದೆ ಅಲ್ವಾ ರೀ" ಅಂದಳು. ನಾನು ನಾಲೆ ಕಡೆ ತಿರುಗಿ ನೋಡಿ, ಸೈಕಲ್ಲೂ ಆ ಕಡೆಗೇ ತಿರುಗಿ, ಸ್ವಲ್ಪದರಲ್ಲಿ ಬಚಾವಾದೆ.

ಇದು ತಮಾಷೆ ಮಾತಲ್ಲ. ಒಕಾಯಾಮಾ ಸುತ್ತಮುತ್ತ ಎಷ್ಟೋ ನಾಲೆಗಳಿಗೆ ತಡೆಗೋಡೆಯೂ ಇಲ್ಲ, ಕಂಬಿಯೂ ಇಲ್ಲ. ರಾತ್ರಿ ಹೊತ್ತು ನಡೆದು ಹೋಗೋರು, ಸೈಕಲ್‌ನವರು ಬಿದ್ದು ಪೆಟ್ಟು ತಿಂದಿದ್ದಾರೆ, ಸತ್ತವರೂ ಇದ್ದಾರೆ. ಕತ್ತಲಾಗೋ ಮುಂಚೆ ಸೋಜಾ ಸೇರಬೇಕು ಅನ್ನೋದು ಇದಕ್ಕೇ. ಅಂಗಡಿ ಮುಚ್ಚುತ್ತೆ ಅನ್ನೋದು ಎರಡನೇ ಕಾರಣ.

ಅಶಿಮೊರಿ ಹೊಳೆ ದಾಟಿದೆವು. 1582ರಲ್ಲಿ ಸೇನಾಪತಿ ಹಿದೆಯೊಶಿ ಈ ಹೊಳೆಗೇ ಒಡ್ಡು ಕಟ್ಟಿಸಿ ತಕಾಮಾತ್ಸು ಕೋಟೆಯನ್ನು ನೀರಲ್ಲಿ ಮುಳುಗಿಸಿದ್ದು. ನಾವು ಹೋದಾಗ ಒಂದು ಬೆಳ್ಳಕ್ಕಿ ಮೊಣಕಾಲುದ್ದ ನೀರಲ್ಲಿ ನಿಂತಿತ್ತು. ಹೊಳೆಯಾಚೆ ಕೊಯಿಕುಯಿ ಅಂತ ಚಿಕ್ಕ ಗುಡಿ. ಹೆಸರಿನ ಅರ್ಥ 'ಮೀನು ತಿಂದದ್ದು'. ಉರಾ ಕಾರ್ಪ್ ಮೀನಾಗಿ ತಪ್ಪಿಸಿಕೊಂಡಾಗ ರಾಜಕುಮಾರ ನೀರುಕಾಗೆಯಾಗಿ ಹಿಡಿದನಂತೆ.

ಮಧ್ಯಾಹ್ನ ಒಂದಕ್ಕೆ ತ್ಸುಕುರಿಯಾಮಾ ಕೊಫುನ್. ಸುಮಾರು 350 ಮೀಟರ್ ಉದ್ದದ ಮಣ್ಣಿನ ಗೋರಿ, ಐದನೇ ಶತಮಾನದ್ದು. ಮೇಲಿನಿಂದ ನೋಡಿದರೆ ಬೀಗದ ಕೀಲಿತೂತಿನ ಆಕಾರ. ಜಪಾನಿನಲ್ಲಿ ಇದು ನಾಲ್ಕನೇ ದೊಡ್ಡದು. ಮೊದಲ ಮೂರು ಅರಮನೆ ಇಲಾಖೆಯ ಸುಪರ್ದಿನಲ್ಲಿವೆ, ಒಳಗೆ ಯಾರನ್ನೂ ಬಿಡೋದಿಲ್ಲ. ಇದನ್ನು ಯಾರು ಬೇಕಾದರೂ ಹತ್ತಬಹುದು. ನಾವೂ ಹತ್ತಿದೆವು. ಹೊಟ್ಟೆ ಚುರುಗುಟ್ಟುತ್ತಿತ್ತು, ಪುಳಿಯೋಗರೆ ಡಬ್ಬಿ ತೆಗೆಯೋಣ ಅಂದೆ. "ಗೋರಿ ಮೇಲೆ ಕೂತು ಊಟ ಮಾಡ್ತಾರಾ ಯಾರಾದರೂ?" ಅಂದಳು. ಡಬ್ಬಿ ಮತ್ತೆ ಬ್ಯಾಗ್ ಸೇರಿತು.

ಕೆಳಗಿಳಿದು ನೋಡಿದರೆ ನನ್ನ ಸೈಕಲ್ ಕೀ ಇಲ್ಲ. ಜೇಬು, ಬ್ಯಾಗು, ಬುಟ್ಟಿ ಎಲ್ಲಾ ತಡಕಿದ್ದಾಯ್ತು. ಮತ್ತೆ ಮೇಲೆ ಹತ್ತಿ ಹುಲ್ಲಲ್ಲಿ ಕಾಲಾಡಿಸಿದ್ದಾಯ್ತು. ಪಕ್ಕದ ಮನೆ ಹಿತ್ತಲಲ್ಲಿ ಒಬ್ಬ ಅಜ್ಜಿ ಕಳೆ ಕೀಳ್ತಾ ಇದ್ದರು. ಹೋಗಿ ನನಗೆ ಗೊತ್ತಿರೋ ಜಪಾನಿಯಲ್ಲಿ "ಕಕಿ ಇಲ್ಲ, ಕಕಿ ಕಳೆದುಹೋಯ್ತು" ಅಂದೆ. ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಕತ್ತರಿ ತಗೊಂಡು ಮರದ ಹತ್ತಿರ ಹೋಗಿ ನಾಲ್ಕು ಪರ್ಸಿಮನ್ ಹಣ್ಣು ಕತ್ತರಿಸಿ ತಂದು ಕೈಗಿಟ್ಟರು. ಕೀಗೆ ಜಪಾನಿಯಲ್ಲಿ 'ಕಗಿ'. 'ಕಕಿ' ಅಂದರೆ ಪರ್ಸಿಮನ್. ಕನ್ನಡದ ವರ್ಗೀಯ ವ್ಯಂಜನ ಬಾಯಿಪಾಠ ಮಾಡಿದವನಿಗೆ ಕ, ಗ ಅದಲುಬದಲಾದದ್ದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ.

ಹಣ್ಣಿನ ತೊಟ್ಟಿಗೆ ಚಿಕ್ಕ ಕಡ್ಡಿ ಅಡ್ಡಡ್ಡ ಬಿಟ್ಟು ಕತ್ತರಿಸಿದ್ದರು. ಅಜ್ಜಿ ಆ ಕಡ್ಡಿ ತೋರಿಸಿ, ಹಗ್ಗ ಕಟ್ಟೋ ಹಾಗೆ ಕೈ ತಿರುಗಿಸಿ ಏನೋ ಹೇಳಿದರು. ಸೈಕಲ್ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಅಂತಿದ್ದಾರೆ ಅಂದುಕೊಂಡು ನಾನು ಹೌದೌದು ಅಂತ ತಲೆಯಾಡಿಸಿದೆ. ಅಷ್ಟರಲ್ಲಿ ಹೆಂಡತಿ ನನ್ನ ಹೆಲ್ಮೆಟ್ ತಿರುಗಿಸಿದಳು. ಒಳಗಿನ ಸ್ಪಂಜಿನ ಸಂದಿಯಲ್ಲಿ ಕೀ ಇತ್ತು. ಮೇಲೆ ಫೋಟೊ ತೆಗೆಯುವಾಗ ನಾನೇ ಹಾಕಿಟ್ಟದ್ದು. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಹಾಗಾಗಿ ಊಟವಾದದ್ದು ಮೂರು ಗಂಟೆಗೆ, ಬಿಚ್ಚೂ ಕೊಕುಬುನ್‌ಜಿಯ ಐದಂತಸ್ತಿನ ಗೋಪುರದ ಎದುರು. 741ರಲ್ಲಿ ಶೋಮು ಚಕ್ರವರ್ತಿ ಪ್ರತಿ ಸೀಮೆಗೂ ಒಂದು ಬೌದ್ಧ ಮಠ ಕಟ್ಟಬೇಕು ಅಂತ ಹೊರಡಿಸಿದ ಆಜ್ಞೆಯಿಂದ ಬಂದ ಜಾಗ ಇದು. ಈಗಿರೋ ಗೋಪುರ 19ನೇ ಶತಮಾನದ್ದು, 34 ಮೀಟರ್ ಎತ್ತರ. ಸುತ್ತ ಒಂದು ಕರೆಂಟ್ ಕಂಬವೂ ಕಣ್ಣಿಗೆ ಬೀಳಲಿಲ್ಲ. ಎದುರಿಗೆ ಕಾಸ್ಮೋಸ್ ಹೂವಿನ ತೋಟ, ನೂರಾರು ಜನ ಫೋಟೊ ತೆಗೀತಿದ್ದರು. ನಾವು ಪುಳಿಯೋಗರೆ ತಿಂದೆವು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗೋದೇ ಕ್ಷೇಮ. ದಾರಿಯಲ್ಲಿ ಊಟದ ಅಂಗಡಿ ಕಮ್ಮಿ, ಸಿಕ್ಕರೂ ನೂಡಲ್ಸ್ ಸಾರಿನಲ್ಲಿ ಮೀನು ಇರುತ್ತೆ. ನೀರು, ಜ್ಯೂಸ್‌ಗೆ ತೊಂದರೆ ಇಲ್ಲ. ಹಳ್ಳಿ ಮೂಲೆಯಲ್ಲೂ ನಾಣ್ಯ ಹಾಕೋ ಮೆಷಿನ್ ಸಿಗುತ್ತೆ.

ಕೀ ಹುಡುಕಾಟಕ್ಕೆ ಹೋದ ಸಮಯ ಹೊಫುಕುಜಿ ಮಠದ್ದು. ಹೇಳಿದ ಮಾತು ಕೇಳದ್ದಕ್ಕೆ ಕಂಬಕ್ಕೆ ಕಟ್ಟಿಹಾಕಿದಾಗ, ಕಣ್ಣೀರಿನಲ್ಲೇ ಕಾಲ್ಬೆರಳಿನಿಂದ ಇಲಿ ಬರೆದ ಅಂತ ಚಿತ್ರಕಾರ ಸೆಶ್ಶೂ ಬಗ್ಗೆ ಕಥೆ ಇದೆಯಲ್ಲ, ಆ ಮಠ. ಸೋಜಾ ಸ್ಟೇಷನ್‌ನಿಂದ ಇನ್ನೂ ಮುಂದೆ ಹೋಗಬೇಕು. ಬಿಟ್ಟೆವು. ಐದಕ್ಕೆ ಸೈಕಲ್ ಒಪ್ಪಿಸಿದಾಗ ಸೂರ್ಯ ಮುಳುಗೋದರಲ್ಲಿದ್ದ.

ರೈಲು ಕಣ್ಣೆದುರೇ ಹೊರಟುಹೋಯ್ತು. ಈ ಲೈನಿನಲ್ಲಿ ಒಂದು ತಪ್ಪಿದರೆ ಚೆನ್ನಾಗಿ ಕಾಯಬೇಕು, ಸಮಯ ಮೊದಲೇ ಬರೆದಿಟ್ಟುಕೊಳ್ಳಿ. ಪ್ಲಾಟ್‌ಫಾರ್ಮಿನ ಮೆಷಿನ್‌ನಲ್ಲಿ ಕೆಂಪು ಪಟ್ಟಿ ಇರೋ ಗುಂಡಿ ಒತ್ತಿದರೆ ಬಿಸಿ ಚಹಾದ ಡಬ್ಬಿ ಬೀಳುತ್ತೆ, ನೀಲಿ ಪಟ್ಟಿ ತಣ್ಣನೆಯದು. ಎರಡು ಬಿಸಿ ಡಬ್ಬಿ ತಗೊಂಡು ಕೈ ಬೆಚ್ಚಗೆ ಮಾಡಿಕೊಂಡು ಕೂತೆವು.

ಒಕಾಯಾಮಾಗೆ ಬರೀ ನಲವತ್ತು ನಿಮಿಷ. ದಿನವಿಡೀ ತುಳಿದು ದಾಟಿದ ಬಯಲು ಕಿಟಕಿಯಾಚೆ ಕಪ್ಪಾಗಿ ಹಿಂದಕ್ಕೆ ಓಡುತ್ತಿತ್ತು. ಮನೆಗಳ ದೀಪ ಬಿಟ್ಟರೆ ಏನೂ ಕಾಣಲಿಲ್ಲ. ಸ್ಟೇಷನ್ ಹೆಸರು ಕೂಗಿದಾಗ ಮಾತ್ರ, ಓ ಇಲ್ಲೇ ಹಂಡೆ ಇದ್ದದ್ದು, ಇಲ್ಲೇ ಸೀಟು ಬಗ್ಗೆ ಒದ್ದಾಡಿದ್ದು ಅಂತ ಗೊತ್ತಾಗುತ್ತಿತ್ತು. ಹಸಿವಾಯ್ತು. ಅಜ್ಜಿಯ ಹಣ್ಣು ಒಂದನ್ನು ಅಂಗಿಗೆ ಒರೆಸಿ ಕಚ್ಚಿದೆ.

ಅಷ್ಟು ಒಗರು ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ನಾಲಿಗೆ ದಪ್ಪಗಾಗಿ ಮಾತೇ ಹೊರಡಲಿಲ್ಲ. ಹೆಂಡತಿ ನನ್ನ ಮುಖ ನೋಡಿ, ಹಣ್ಣಿನ ತೊಟ್ಟಿನ ಕಡ್ಡಿ ನೋಡಿ, ಫೋನಿನಲ್ಲಿ ಏನೋ ಹುಡುಕಿ, "ರೀ, ಅಜ್ಜಿ ಹಗ್ಗ ಅಂದದ್ದು ಸೈಕಲ್‌ಗಲ್ಲ" ಅಂದಳು. ಇದು ಸಿಪ್ಪೆ ತೆಗೆದು, ಕುದಿಯೋ ನೀರಲ್ಲಿ ಒಮ್ಮೆ ಅದ್ದಿ, ಕಡ್ಡಿಗೆ ದಾರ ಕಟ್ಟಿ ನೇತುಹಾಕಿ ಒಣಗಿಸಿ ತಿನ್ನೋ ಜಾತಿಯಂತೆ. ಉಳಿದ ಮೂರು ಈಗ ನಮ್ಮ ಒಸಾಕಾ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕೋ ಕಂಬಿಗೆ ನೇತಾಡುತ್ತಿವೆ.